ಅಪ್ಪ ಬಿಟ್ಟುಹೋದ ಅಂಬಾಸಿಡರ್: ಇಟ್ಟುಕೊಳ್ಳುವುದೋ, ಕೊಡುವುದೋ?

ಎಣ್ಮಕಜೆಯ ಮಗಳು

ಅಪ್ಪ ತೀರಿಕೊಂಡು ಮೂರು ವಾರವಾಯಿತು. ಬೊಜ್ಜದ (ಉತ್ತರಕ್ರಿಯೆಯ) ಊಟಕ್ಕೆ ಬಂದವರಲ್ಲಿ ಹೆಚ್ಚಿನವರು ಕೈ ತೊಳೆದು ಹೊರಡುವ ಮುನ್ನ ಕೊಟ್ಟಿಗೆಯ ಕಡೆ ಹೋಗಿ ಕಾರನ್ನು ನೋಡಿದರು. ಕೆಲವರು ಬಾಗಿಲು ತೆಗೆದು ಒಳಗೆ ಕುಳಿತೂ ಹೋದರು. ಈಗ ಆ ಕಾರನ್ನು ಏನು ಮಾಡಬೇಕೆಂಬ ವಿಷಯದಲ್ಲಿ ಮನೆಯಲ್ಲಿ ಒಮ್ಮತವಿಲ್ಲ. ಹಳೆಯ ಕಾರುಗಳನ್ನು ಸಂಗ್ರಹಿಸುವ ಒಬ್ಬರು ಕೇಳಿದ್ದಾರೆ, ಒಳ್ಳೆಯ ಬೆಲೆಯನ್ನೂ ಹೇಳಿದ್ದಾರೆ, ಕೊಟ್ಟುಬಿಡೋಣ ಎಂದು ಬೆಂಗಳೂರಿನಲ್ಲಿರುವ ಅಣ್ಣ ಹೇಳುತ್ತಾನೆ. ನನಗೆ ಮನಸ್ಸಿಲ್ಲ. ಅಮ್ಮ ಇನ್ನೂ ಬಾಯಿ ಬಿಟ್ಟಿಲ್ಲ. ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ನೀರ್ಚಾಲು, ಕುಂಬಳೆ ಕಡೆಯವರು ಈ ಗುಂಪಿನಲ್ಲಿ ಬಹಳ ಮಂದಿ ಇದ್ದೀರಿ. ಅಪ್ಪನನ್ನು ಬಲ್ಲವರು ಅವರ ಬಗ್ಗೆ ಬರೆಯಿರಿ. ಕಾರಿನ ಬಗ್ಗೆ ತಿಳಿದವರು ದಾರಿ ಹೇಳಿ.

ಮೊದಲು ಕಾರಿನ ವಿವರ. 1973ರ ಅಂಬಾಸಿಡರ್, ಮಾರ್ಕ್ 2. ಮುಂಭಾಗದ ಜಾಲರಿಯಲ್ಲಿ ಸಣ್ಣ ಸಣ್ಣ ಚೌಕಗಳಿರುವ ಮಾದರಿ. 1489 ಸಿಸಿ ಪೆಟ್ರೋಲ್ ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲಿ ಗಿಯರ್, ಹಿಂದೆ ಮುಂದೆ ಎರಡೂ ಕಡೆ ಬೆಂಚಿನಂತಹ ಉದ್ದನೆಯ ಸೀಟು. ಎಂಬತ್ತರ ದಶಕದ ಆರಂಭದಲ್ಲಿ ಪುತ್ತೂರು ಕಡೆಯ ಒಬ್ಬ ವೈದ್ಯರಿಂದ ಅಪ್ಪ ಕೊಂಡದ್ದು. ಆ ಕಾಲದಲ್ಲಿ ಹೊಸ ಕಾರು ಬೇಕಿದ್ದರೆ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಅಷ್ಟು ತಾಳ್ಮೆ ಅಪ್ಪನಿಗೆ ಇರಲಿಲ್ಲ. ಕರ್ನಾಟಕದ ಸಂಖ್ಯೆ ತೆಗೆಸಿ ಕೇರಳದ ಸಂಖ್ಯೆ ಪಡೆಯಲು ನಿರಾಕ್ಷೇಪಣಾ ಪತ್ರ, ತೆರಿಗೆ ರಶೀದಿ ಎಂದು ಅಲೆದಾಡಿದ್ದನ್ನು ಅವರು ಕಷ್ಟವೆಂದು ಎಂದೂ ಹೇಳಿದ್ದಿಲ್ಲ. ಆ ಅಲೆದಾಟದಲ್ಲಿ ಪರಿಚಯವಾದವರು ಕೊನೆಯವರೆಗೂ ನಮ್ಮ ಮನೆಗೆ ಬಂದು ಹೋಗುತ್ತಿದ್ದರು.

ಅಪ್ಪನ ಕಾರಿನ ಹುಚ್ಚು ಬಾಲ್ಯದ್ದು. ಅವರು ಹುಟ್ಟಿದಾಗ ನಮ್ಮ ಊರು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿತ್ತು, ಹೈಸ್ಕೂಲಿಗೆ ಹೋಗುವಾಗ ಕೇರಳದಲ್ಲಿತ್ತು. ಯುದ್ಧದ ದಿನಗಳಲ್ಲಿ ಪೆಟ್ರೋಲ್ ಸಿಗದೆ ಇದ್ದಿಲಿನ ಅನಿಲದಿಂದ ಓಡುತ್ತಿದ್ದ ಬಸ್ಸುಗಳ ಕಥೆಯನ್ನು ಅಜ್ಜ ಹೇಳುತ್ತಿದ್ದರಂತೆ. ಏರಿನಲ್ಲಿ ಬಸ್ಸು ನಿಂತರೆ ಪ್ರಯಾಣಿಕರೆಲ್ಲ ಇಳಿದು ತಳ್ಳಬೇಕು, ಮೇಲೆ ತಲುಪುವಷ್ಟರಲ್ಲಿ ಪರಸ್ಪರ ಊರು, ಮನೆತನ, ನೆಂಟಸ್ತಿಕೆ ಎಲ್ಲ ತಿಳಿದಿರುತ್ತಿತ್ತು. ಅಪ್ಪ ಆ ಕಥೆಯನ್ನು ನಮಗೆ ಹೇಳುವಾಗ ಎಂಜಿನಿನ ಭಾಗಕ್ಕಿಂತ ತಳ್ಳುವ ಭಾಗವನ್ನೇ ಹಿಗ್ಗಿಸಿ ಹೇಳುತ್ತಿದ್ದರು.

ಅವರ ಮೊದಲ ಕಾರು ಅಂಬಾಸಿಡರ್ ಅಲ್ಲ, ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಕಾರು. ಅದರ ಬಾನೆಟ್ ಮಡ್‌ಗಾರ್ಡುಗಳ ಸಮೇತ ಇಡಿಯಾಗಿ ಮುಂದಕ್ಕೆ ಮಗುಚುತ್ತದೆ, ಎಂಜಿನ್ ಪೂರ್ತಿ ಹೊರಗೆ ಕಾಣುತ್ತದೆ. ಅಂಗಳದಲ್ಲಿ ಅದನ್ನು ತೆರೆದಿಟ್ಟರೆ ಸುತ್ತಲೂ ಜನ ನಿಂತು ನೋಡಬಹುದಿತ್ತು. ತೋಟದ ಕೆಲಸದವರು, ಅಂಚೆಯವರು, ಅಡಿಕೆ ನೋಡಲು ಬಂದ ವ್ಯಾಪಾರಿ, ಎಲ್ಲರಿಗೂ ಕಾರ್ಬ್ಯುರೇಟರ್ ಯಾವುದು, ಪ್ಲಗ್‌ಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್ ಯಾವುದು ಎಂದು ಪಾಠವಾಗುತ್ತಿತ್ತು. ತುಳುವಿನಲ್ಲಿ ಒಬ್ಬರಿಗೆ, ಮಲಯಾಳದಲ್ಲಿ ಇನ್ನೊಬ್ಬರಿಗೆ, ಬ್ಯಾರಿಯಲ್ಲಿ ಮತ್ತೊಬ್ಬರಿಗೆ. ಹೆರಾಲ್ಡನ್ನು ಮಾರಿದ್ದಕ್ಕೆ ಅವರು ಕೊಟ್ಟ ಕಾರಣ ಒಂದೇ: ಜನ ಹಿಡಿಸುವುದಿಲ್ಲ.

ಅಂಬಾಸಿಡರಿನಲ್ಲಿ ಜನ ಹಿಡಿಸಿದರು. ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಕೈ ತೋರಿಸಿದವರನ್ನೂ ಹತ್ತಿಸಿಕೊಳ್ಳುತ್ತಿದ್ದರು, ಕೈ ತೋರಿಸದೆ ನಡೆದು ಹೋಗುತ್ತಿದ್ದವರನ್ನೂ ನಿಲ್ಲಿಸಿ ಕರೆಯುತ್ತಿದ್ದರು. ಹತ್ತಿದವರ ಹೆಸರು ಕೇಳುವ ಮೊದಲು ಅವರು ಎಲ್ಲಿ ಇಳಿಯಬೇಕು, ಅಲ್ಲಿ ಯಾರ ಮನೆ ಎಂದು ಕೇಳುತ್ತಿದ್ದರು. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯನ್ನು ಮೊನ್ನೆ ತೆರೆದೆ. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಉಜ್ಜುವ ಎಮರಿ ಕಾಗದದ ತುಂಡು, ಸಣ್ಣ ಅಂತರ ಅಳೆಯುವ ತೆಳು ಎಲೆಗಳ ಫೀಲರ್ ಗೇಜ್, ಎರಡು ಸ್ಪಾರ್ಕ್ ಪ್ಲಗ್, ಉಳಿದದ್ದೆಲ್ಲ ಆಮಂತ್ರಣ ಪತ್ರಿಕೆಗಳು. ಮದುವೆ, ಉಪನಯನ, ಗೃಹಪ್ರವೇಶ, ಚರ್ಚಿನ ಹಬ್ಬ, ಕೋಲ, ತಾಳಮದ್ದಳೆ. ಪ್ರತಿಯೊಂದರ ಅಂಚಿನಲ್ಲಿ ಅಪ್ಪನ ಕೈಬರಹದಲ್ಲಿ ಯಾರನ್ನು ಎಲ್ಲಿಂದ ಹತ್ತಿಸಿಕೊಳ್ಳಬೇಕು ಎಂಬ ಟಿಪ್ಪಣಿ. ಒಂದರ ಮೇಲೆ ಹೀಗಿದೆ: "ಸ್ವರ್ಗದಲ್ಲಿ ಅಜ್ಜಿ ಕಾಯುತ್ತಾರೆ, ಬೇಗ ಹೊರಡುವುದು." ನಮ್ಮ ಪಂಚಾಯಿತಿಯಲ್ಲಿ ಸ್ವರ್ಗ ಎಂಬ ಊರು ಇದೆಯೆಂದು ಹೊರಗಿನವರಿಗೆ ಹೇಳಬೇಕಾಗುತ್ತದೆ.

ಅಪ್ಪ ಹಳೆಯ ಕಾರಿಗೆ ಅಂಟಿಕೊಂಡು ಹೊಸದನ್ನು ಹಳಿಯುವವರಾಗಿರಲಿಲ್ಲ. ಯಾರು ಹೊಸ ಕಾರು ತಂದರೂ ಬಾನೆಟ್ ತೆರೆಸಿ ನೋಡಲೇಬೇಕು. 1983ರ ಡಿಸೆಂಬರಿನಲ್ಲಿ ಮಾರುತಿ 800 ಹೊರಬಂದ ಮೇಲೆ ಕಾಸರಗೋಡಿಗೆ ಅದು ಬಂದಿದೆಯೆಂದು ಕೇಳಿ ನೋಡಲೆಂದೇ ಹೋಗಿದ್ದರು. ಮೂರೇ ಸಿಲಿಂಡರಿನ 796 ಸಿಸಿ ಎಂಜಿನ್ ಅಷ್ಟು ನಯವಾಗಿ ತಿರುಗುವುದನ್ನು ವಾರಗಟ್ಟಲೆ ಹೊಗಳಿದರು. ಕಳೆದ ವರ್ಷ ಅಣ್ಣನ ವಿದ್ಯುತ್ ಕಾರನ್ನು ತಲಪಾಡಿಯಿಂದ ಚೆಂಗಳದವರೆಗೆ ಹೊಸ ಆರು ಪಥದ ಹೆದ್ದಾರಿಯಲ್ಲಿ ತಾವೇ ಓಡಿಸಿದರು. ಕಾರು ಬಹಳ ಹಿಡಿಸಿತು. ರಸ್ತೆಯ ಬಗ್ಗೆ ಮಾತ್ರ, ದಾರಿಯಲ್ಲಿ ಪರಿಚಯದವರು ಕಂಡರೆ ನಿಲ್ಲಿಸುವುದಕ್ಕೆ ಜಾಗವೇ ಇಲ್ಲವಲ್ಲ ಎಂದು ಮನೆಗೆ ಬಂದ ಮೇಲೂ ಹೇಳುತ್ತಿದ್ದರು.

ನೀರ್ಚಾಲಿನ ಹಳೆಯ ವಿದ್ಯಾರ್ಥಿ

ನಿಮ್ಮ ತಂದೆಯವರು ಹೋದ ಸುದ್ದಿ ನನಗೆ ಈಗಷ್ಟೇ, ಈ ಬರಹದಿಂದ ತಿಳಿಯಿತು. ತುಂಬಾ ಬೇಸರವಾಯಿತು.

ನಾವು ಹುಡುಗರಿಗೆ ಆ ಕಾರಿನಲ್ಲಿ ಒಂದು ಉದ್ಯೋಗವಿತ್ತು. ನಿಮಗೂ ನೆನಪಿರಬೇಕು, ಮರದ ಕುಟ್ಟಿ ಹಾಕುವ ಕೆಲಸ. ನಮ್ಮ ಕಡೆಯ ಮುರಕಲ್ಲಿನ ಏರುಗಳಲ್ಲಿ ಕಾರು ನಿಂತರೆ ಹ್ಯಾಂಡ್ ಬ್ರೇಕ್ ಒಂದನ್ನೇ ನಂಬುವಂತಿರಲಿಲ್ಲ. ಹಿಂದಿನ ಸೀಟಿನ ಎಡಬದಿಯಲ್ಲಿ ಕುಳಿತವನು ಕಾರು ನಿಲ್ಲುತ್ತಿದ್ದಂತೆ ಹಾರಿ ಇಳಿದು, ಕಾಲಬುಡದಲ್ಲಿದ್ದ ಹಲಸಿನ ಮರದ ಕುಟ್ಟಿಯನ್ನು ಹಿಂದಿನ ಚಕ್ರಕ್ಕೆ ಆನಿಸಿ "ಹಾಕಿದೆ" ಎಂದು ಕೂಗಬೇಕು. ಆ ಕೂಗು ಕೇಳುವವರೆಗೆ ಅವರು ಬ್ರೇಕಿನಿಂದ ಕಾಲು ತೆಗೆಯುತ್ತಿರಲಿಲ್ಲ. ಹೊರಡುವಾಗ ಕುಟ್ಟಿ ಎತ್ತಿಕೊಂಡು ಓಡಿ ಬಂದು ಹತ್ತಬೇಕು. ಎಡಬದಿಯ ಆ ಜಾಗಕ್ಕಾಗಿ ನಮ್ಮಲ್ಲಿ ಜಗಳವಾಗುತ್ತಿತ್ತು. ಒಬ್ಬನಿಗೆ ಹೋಗುವಾಗ, ಇನ್ನೊಬ್ಬನಿಗೆ ಬರುವಾಗ ಎಂದು ಅವರು ತೀರ್ಮಾನ ಹೇಳುತ್ತಿದ್ದರು. ಅಷ್ಟು ಜನರ ಜೀವವನ್ನು ಹತ್ತು ವರ್ಷದ ಹುಡುಗನ ಕೈಯಲ್ಲಿ ಕೊಟ್ಟು ಅವನ ಮಾತನ್ನು ನಂಬಿ ಬ್ರೇಕ್ ಬಿಡುವ ಹಿರಿಯರು ನನಗೆ ಬೇರೆ ಸಿಗಲಿಲ್ಲ.

ಬಯಲಾಟಗಳಿಗೆ ಎಷ್ಟು ಸಲ ಕರೆದೊಯ್ದಿದ್ದಾರೋ ಲೆಕ್ಕವಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯ ಕಡೆಯವರು ನಾವು, ಆಟ ಬಿಟ್ಟು ಇರುವುದು ಹೇಗೆ ಎನ್ನುತ್ತಿದ್ದರು. ಆದರೆ ರಾತ್ರಿ ಒಂದು ಗಂಟೆಯ ಮೇಲೆ ಅವರನ್ನು ಹುಡುಕಬೇಕಿದ್ದರೆ ರಂಗಸ್ಥಳದ ಎದುರು ನೋಡಿದರೆ ಸಿಗುತ್ತಿರಲಿಲ್ಲ. ಗದ್ದೆಯ ಅಂಚಿನಲ್ಲಿ ಕಾರು, ಜೀಪುಗಳು ಸಾಲಾಗಿ ನಿಂತಿರುವಲ್ಲಿ, ಯಾವುದೋ ಟೆಂಪೋದ ಚಾಲಕನೊಡನೆ ಕ್ಲಚ್ ಪ್ಲೇಟಿನ ಬಗ್ಗೆ ಮಾತನಾಡುತ್ತ ಸಿಗುತ್ತಿದ್ದರು. ಚೆಂಡೆಯ ಪೆಟ್ಟು ಏರುತ್ತಿದ್ದಂತೆ ಇಬ್ಬರೂ ಓಡಿ ಬರುತ್ತಿದ್ದರು.

ಉಪ್ಪಳದಿಂದ

ಅಡಿಕೆ ವ್ಯಾಪಾರಕ್ಕೆಂದು ಅವರ ಮನೆಗೆ ಹೋಗುತ್ತಿದ್ದೆ. ಅಡಿಕೆಯ ಧಾರಣೆ ಮಾತನಾಡಲು ಐದು ನಿಮಿಷ, ನನ್ನ ಕಮಾಂಡರ್ ಜೀಪಿನ ಸ್ಥಿತಿಗತಿ ಕೇಳಲು ಅರ್ಧ ಗಂಟೆ. ಪೆಟ್ರೋಲಿಗೆಂದು ಅವರು ಯಾರಿಂದಲೂ ಒಂದು ರೂಪಾಯಿ ಪಡೆದದ್ದನ್ನು ನಾನು ಕಂಡಿಲ್ಲ. ಕಾರನ್ನು ಕೊಡಬೇಡಿ.

ಕುಂಬಳೆಯ ಗ್ಯಾರೇಜಿನವನು

ಆ ಎಂಜಿನನ್ನು ಬಿಚ್ಚಿ ಕಟ್ಟಿದವನು ನಾನು, ನನಗಿಂತ ಮೊದಲು ನನ್ನ ತಂದೆ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅಂಬಾಸಿಡರ್ ಎಂದರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸ್ ಅದನ್ನು 2014ರವರೆಗೆ ತಯಾರಿಸಿತು. ಇದರಿಂದ ನಮಗೆ ಆಗಿರುವ ಲಾಭ ದೊಡ್ಡದು. ಅಷ್ಟು ದೀರ್ಘ ಕಾಲ ಓಡಿದ ಕಾರಿಗೆ ಬಿಡಿಭಾಗ ಇಂದಿಗೂ ಹುಡುಕಿದರೆ ಸಿಗುತ್ತದೆ. ಮುಂದಿನ ಚಕ್ರಗಳಿಗೆ ಟಾರ್ಷನ್ ಬಾರ್, ಹಿಂದೆ ಲೀಫ್ ಸ್ಪ್ರಿಂಗ್. ನಮ್ಮ ಒಳರಸ್ತೆಗಳ ಹೊಂಡಕ್ಕೆ ಅದಕ್ಕಿಂತ ಗಟ್ಟಿಯಾದ ಏರ್ಪಾಡು ಬೇಕಿಲ್ಲ.

2000ದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ದೇಶದಲ್ಲಿ ಪೂರ್ತಿ ನಿಂತಿತು. ಹಳೆಯ ಎಂಜಿನುಗಳಲ್ಲಿ ಆ ಸೀಸವೇ ವಾಲ್ವ್ ಕೂರುವ ಜಾಗವನ್ನು ಸವೆಯದಂತೆ ಕಾಯುತ್ತಿತ್ತು. ಹಲವರು ಏನೂ ಮಾಡದೆ ಓಡಿಸಿದರು, ಎಂಜಿನ್ ಬಲ ಕಳೆದುಕೊಂಡಿತು. ನಿಮ್ಮ ತಂದೆಯವರು ಮಾತ್ರ ಯಾರಿಂದಲೋ ವಿಷಯ ತಿಳಿದುಕೊಂಡು ಬಂದು ಹೆಡ್ ಬಿಚ್ಚಿಸಿ ಗಟ್ಟಿ ಉಕ್ಕಿನ ವಾಲ್ವ್ ಸೀಟ್ ಕೂರಿಸಿದರು. ಕೆಲಸ ಮುಗಿಯುವವರೆಗೆ ದಿನಾ ಬರುತ್ತಿದ್ದರು. ತಗಡಿನ ಡಬ್ಬಿಯನ್ನು ಬೋರಲು ಹಾಕಿ ಕುಳಿತು, ನಾವು ಬಿಚ್ಚಿ ಕೊಟ್ಟದ್ದನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ಸಾಲಾಗಿ ಜೋಡಿಸಿ ಇಡುತ್ತಿದ್ದರು. ವಾಲ್ವುಗಳನ್ನು ತೆರೆಯುವ ಪುಶ್‌ರಾಡು ಕಡ್ಡಿಗಳನ್ನು ಯಾವುದರ ಜಾಗಕ್ಕೆ ಯಾವುದು ಎಂದು ರಟ್ಟಿನಲ್ಲಿ ತೂತು ಮಾಡಿ ಸಿಕ್ಕಿಸಿಡುವುದನ್ನು ಅವರು ನಮ್ಮ ಹುಡುಗರಿಗೆ ಕಲಿಸಿದರು. ಗ್ಯಾರೇಜಿಗೆ ಬಂದ ಬೇರೆ ಗಿರಾಕಿಗಳು ಕಾಯುವ ಬೇಸರ ಮರೆತು ಅವರ ಹತ್ತಿರ ಕುಳಿತುಬಿಡುತ್ತಿದ್ದರು. ಆ ದಿನಗಳಲ್ಲಿ ನಮಗೆ ಚಹಾದ ಖರ್ಚು ಏರಿತು, ಗಿರಾಕಿಗಳ ಜಗಳ ಇಳಿಯಿತು.

ಇನ್ನೊಂದು ಹೇಳಲೇಬೇಕು. ಜಡಿಮಳೆಯಲ್ಲಿ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ತೇವ ಹಿಡಿದು ಕಾರು ದಾರಿಯಲ್ಲಿ ನಿಂತರೆ, ಉಟ್ಟ ಮುಂಡಿನ ಒಣ ತುದಿಯಿಂದ ಒರೆಸಿ ಮತ್ತೆ ಕೂರಿಸಿ ಹೊರಡುತ್ತಿದ್ದರು. ಒಮ್ಮೆ ಕಲ್ಲು ತಾಗಿ ಪೆಟ್ರೋಲ್ ಟ್ಯಾಂಕ್ ಸೋರಿದಾಗ ದಾರಿಬದಿಯ ಅಂಗಡಿಯಿಂದ ಬಟ್ಟೆಯ ಸೋಪು ತಂದು, ನಾದಿ ಬಿರುಕಿಗೆ ಮೆತ್ತಿ ನನ್ನಲ್ಲಿಗೆ ಬಂದರು. ಸೋಪು ನೀರಿಗೆ ಕರಗುತ್ತದೆ, ಪೆಟ್ರೋಲಿಗೆ ಕರಗುವುದಿಲ್ಲ. ಒಂದು ತೊಟ್ಟೂ ಸೋರಿರಲಿಲ್ಲ.

ಈಗ ಮಾಡಬೇಕಾದದ್ದು. ಇಟ್ಟುಕೊಳ್ಳುವುದಾದರೆ ಓಡಿಸಲೇಬೇಕು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಎರಡು ಮಳೆಗಾಲ ಸುಮ್ಮನೆ ನಿಂತರೆ ಕ್ಲಚ್ ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೆ ಕಚ್ಚಿಕೊಳ್ಳುತ್ತದೆ, ಬ್ರೇಕಿನ ಸಿಲಿಂಡರುಗಳು ಹಿಡಿದುಕೊಳ್ಳುತ್ತವೆ, ವೈರುಗಳನ್ನು ಇಲಿ ಕಡಿಯುತ್ತದೆ. ಈಗ ಸಿಗುವ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಂಡು ಟ್ಯಾಂಕಿನ ಒಳಗೆ ತುಕ್ಕು ಹಿಡಿಸುತ್ತದೆ, ಹಳೆಯ ರಬ್ಬರನ್ನೂ ತಿನ್ನುತ್ತದೆ. ಪೆಟ್ರೋಲ್ ಪೈಪುಗಳನ್ನೂ ಪಂಪಿನ ಪೊರೆಯನ್ನೂ ಎಥನಾಲ್ ತಾಳುವಂಥದ್ದಕ್ಕೆ ಬದಲಿಸಬೇಕು. ವಾರಕ್ಕೊಮ್ಮೆ ನಿಂತಲ್ಲೇ ಐದು ನಿಮಿಷ ಎಂಜಿನ್ ಚಾಲೂ ಮಾಡಿ ಆಫ್ ಮಾಡುವವರು ಇದ್ದಾರೆ, ಅದು ಒಳ್ಳೆಯದಲ್ಲ. ಅಷ್ಟರಲ್ಲಿ ಎಂಜಿನ್ ಪೂರ್ತಿ ಬಿಸಿಯಾಗದೆ ಆಯಿಲಿನಲ್ಲೂ ಸೈಲೆನ್ಸರಿನಲ್ಲೂ ನೀರು ಉಳಿಯುತ್ತದೆ. ಪೆರ್ಲದಿಂದ ಬದಿಯಡ್ಕಕ್ಕಾದರೂ ಹೋಗಿ ಬನ್ನಿ.

ಮುಂಬಯಿಯಲ್ಲಿರುವ ಮಂಜೇಶ್ವರದವನು

ಎಲ್ಲರೂ ಕೊಡಬೇಡಿ ಎನ್ನುತ್ತಿದ್ದೀರಿ. ನಾನು ಬೇರೆ ಮಾತು ಹೇಳುತ್ತೇನೆ, ದಯವಿಟ್ಟು ಕೇಳಿ.

ಮುಂಬಯಿಯಲ್ಲಿ ನಾನು ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳ ನಡುವೆ ಬೆಳೆದವನು. ಕುರ್ಲಾದಲ್ಲಿ ತಯಾರಾದ ಕಾರು, ಫಿಯೆಟ್ 1100ರ ತಳಿ, 1089 ಸಿಸಿ. ಒಂದು ಕಾಲಕ್ಕೆ ಇಡೀ ನಗರ ಕಪ್ಪು ಹಳದಿಯಾಗಿತ್ತು. ಟ್ಯಾಕ್ಸಿಗೆ ಇಪ್ಪತ್ತು ವರ್ಷಗಳ ಮಿತಿ ಇದ್ದುದರಿಂದ ಕೊನೆಯ ಪದ್ಮಿನಿ 2023ರ ಅಕ್ಟೋಬರ್ ಕೊನೆಯಲ್ಲಿ ರಸ್ತೆಯಿಂದ ಇಳಿಯಿತು. ಅಷ್ಟು ಕಾರುಗಳಿದ್ದ ನಗರದಲ್ಲಿ ಇಂದು ಒಂದು ಒಳ್ಳೆಯ ಪದ್ಮಿನಿ ನೋಡಬೇಕಿದ್ದರೆ ಹಣ ಮತ್ತು ವ್ಯವಧಾನ ಇದ್ದ ಯಾರೋ ಸಂಗ್ರಾಹಕರ ಮನೆಗೇ ಹೋಗಬೇಕು. ಪ್ರೀತಿಯಿಂದ ಇಟ್ಟುಕೊಂಡ ಮನೆಯವರಲ್ಲಿ ಹೆಚ್ಚಿನವರಿಗೆ ಅದನ್ನು ಉಳಿಸಲಾಗಲಿಲ್ಲ. ಮೊದಲ ವರ್ಷ ಉತ್ಸಾಹ, ಎರಡನೆಯ ವರ್ಷ ಟಾರ್ಪಾಲು, ಮೂರನೆಯ ವರ್ಷ ಗುಜರಿ. ನಿಮ್ಮ ಮನೆಯಲ್ಲಿ ಅದನ್ನು ಓಡಿಸುವವರು ಯಾರು? ನೀವು ಊರಿನಲ್ಲಿ ಇರುತ್ತೀರಾ? ಐವತ್ತು ವರ್ಷ ದಾಟಿದ ವಾಹನಗಳಿಗೆ 2021ರಿಂದ ವಿಂಟೇಜ್ ನೋಂದಣಿಯ ಸೌಲಭ್ಯವೂ ಇದೆ. ಸಂಗ್ರಾಹಕರು ಕಾರನ್ನು ಮೊದಲಿನ ಸ್ವರೂಪಕ್ಕೆ ತಂದು ಗೌರವದಿಂದ ಇಟ್ಟುಕೊಳ್ಳುತ್ತಾರೆ. ಅದೂ ನಿಮ್ಮ ತಂದೆಯವರಿಗೆ ಸಲ್ಲುವ ಮರ್ಯಾದೆಯೇ.

ದಾಖಲೆ ಕೆಲಸ ಬಲ್ಲವನು

ವಿಂಟೇಜ್ ನೋಂದಣಿಯ ಮಾತು ಬಂದದ್ದರಿಂದ ಹೇಳುತ್ತೇನೆ. 1973ರ ಕಾರಿಗೆ ಅದು ಸಿಗಬಹುದು. ಆದರೆ ಗಾಡಿಯ ಚಾಸಿ, ಬಾಡಿ, ಎಂಜಿನ್ ಮೂಲದ್ದೇ ಇರಬೇಕು, ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಮುಖ್ಯವಾದ ಷರತ್ತು ಇದು: ವಿಂಟೇಜ್ ಎಂದು ನೋಂದಾಯಿಸಿದ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಇಂಥವಕ್ಕೆ ಮಾತ್ರ ರಸ್ತೆಗೆ ತರಬಹುದು. ದಾರಿಯಲ್ಲಿ ಜನರನ್ನು ಹತ್ತಿಸಿಕೊಂಡು ಬದಿಯಡ್ಕಕ್ಕೆ ಹೋಗುವ ಕಾರಿಗೆ ಆ ಫಲಕ ಹೊಂದುವುದಿಲ್ಲ.

ಸಾಮಾನ್ಯ ನೋಂದಣಿಯಲ್ಲೇ ಇಟ್ಟುಕೊಳ್ಳುವುದಾದರೆ ಗಮನಿಸಿ. ಮಾಲೀಕರು ತೀರಿಕೊಂಡರೆ 30 ದಿನಗಳ ಒಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ನೀವು ಮೂರು ವಾರ ಎಂದಿದ್ದೀರಿ, ಈ ವಾರವೇ ಅರ್ಜಿ ಕೊಡಿ. ಮರಣದ ದಿನದಿಂದ ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಉತ್ತರಾಧಿಕಾರಿಯ ಹೆಸರಿಗೆ ವರ್ಗಾವಣೆ ಕೇಳಬೇಕು. ಮರಣ ಪ್ರಮಾಣಪತ್ರ, ವಾರಸುದಾರಿಕೆಯ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಸಿದ್ಧ ಮಾಡಿಕೊಳ್ಳಿ. ವಿಮೆಯನ್ನೂ ಅದೇ ಹೆಸರಿಗೆ ಬದಲಿಸಿ, ಇಲ್ಲವಾದರೆ ಅಪಘಾತವಾದಾಗ ತೊಂದರೆಗೆ ಸಿಲುಕುತ್ತೀರಿ. ಇಷ್ಟು ಹಳೆಯ ಖಾಸಗಿ ಕಾರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು, ಹಸಿರು ತೆರಿಗೆಯೂ ಇದೆ. ಅಣ್ಣ ಬೆಂಗಳೂರಿಗೆ ಒಯ್ಯುವುದಾದರೆ, ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ಸಂಖ್ಯೆ ಪಡೆಯಬೇಕಾಗುತ್ತದೆ.

ಅಡ್ಕಸ್ಥಳ ಗಡಿಯವನು

ಮುಂಬಯಿಯ ಸ್ನೇಹಿತರ ಮಾತಿನಲ್ಲಿ ತಿರುಳಿದೆ, ಅದನ್ನು ತಳ್ಳಿಹಾಕಬೇಡಿ. ಆದರೂ ಒಂದು ವಿಷಯ ಹೇಳದೆ ಇರಲಾರೆ.

2020ರ ಮಾರ್ಚಿನಲ್ಲಿ ಕೊರೋನಾ ಕಾರಣದಿಂದ ಕರ್ನಾಟಕ-ಕೇರಳ ಗಡಿ ಮುಚ್ಚಿದರು. ತಲಪಾಡಿಯಲ್ಲಿ ತಡೆ, ಒಳರಸ್ತೆಗಳಿಗೆ ಮಣ್ಣು ಸುರಿದರು. ಸಣ್ಣ ಜ್ವರದಿಂದ ಹಿಡಿದು ಡಯಾಲಿಸಿಸ್‌ವರೆಗೆ ಮಂಗಳೂರನ್ನೇ ನಂಬಿದ್ದ ನಮ್ಮ ಜಿಲ್ಲೆಗೆ ಅದು ಎಂಥ ದಿನಗಳಾಗಿದ್ದವು ಎಂದು ಇಲ್ಲಿದ್ದ ಎಲ್ಲರಿಗೂ ಗೊತ್ತು. ನನ್ನ ತಂದೆಗೆ ಹೃದಯದ ಮಾತ್ರೆ ಪುತ್ತೂರಿನಿಂದ ಬರಬೇಕಿತ್ತು, ಇಲ್ಲಿ ಎಲ್ಲೂ ಆ ಮಾತ್ರೆ ಇರಲಿಲ್ಲ. ನಿಮ್ಮ ತಂದೆಯವರಿಗೆ ಒಂದು ಫೋನ್ ಮಾಡಿದೆ, ಅಷ್ಟೇ. ವಿಟ್ಲದಲ್ಲಿ ಅವರಿಗೆ ಹಿಂದೊಮ್ಮೆ ಕಾರಿನ ಗಿಯರ್ ಸಿಕ್ಕಿಹಾಕಿಕೊಂಡಾಗ ಸಹಾಯ ಮಾಡಿದ್ದ ಒಬ್ಬ ಮೆಕ್ಯಾನಿಕ್ ಇದ್ದರು. ಅವರು ಪುತ್ತೂರಿನಿಂದ ಮಾತ್ರೆ ತರಿಸಿ, ಪೊಲೀಸರ ಅನುಮತಿ ಕೇಳಿ ಗಡಿಯ ಆಚೆಗೆ ತಂದು ನಿಂತರು. ಈಚೆ ಬದಿಯಲ್ಲಿ ನಿಮ್ಮ ತಂದೆಯವರ ಅಂಬಾಸಿಡರ್. ಮಣ್ಣಿನ ರಾಶಿಯ ಮೇಲಿಂದ ಕೈಗೆ ಕೈ ಪೊಟ್ಟಣ ದಾಟಿತು. ನನ್ನ ತಂದೆ ಅದರಿಂದ ಬದುಕಿದರು, ಈಗಲೂ ಇದ್ದಾರೆ. ಆಮೇಲೆ ಇನ್ನೂ ಹಲವರಿಗೆ ಹೀಗೆಯೇ ಮಾತ್ರೆ ಬಂತು. ಎಪ್ಪತ್ತೈದು ದಾಟಿದವರು ಹೊರಗೆ ಬರಬೇಡಿ ಎಂದು ನಾವು ಹೇಳಿದರೆ, ಕಾರಿನ ಗಾಜು ಮುಚ್ಚಿಕೊಂಡಿರುತ್ತೇನೆ ಎಂದರು.

ಗಡಿಯ ಎರಡೂ ಕಡೆ ಅವರಿಗೆ ಇದ್ದ ಜನ ಅವರು ಗಿಯರ್, ಬುಷ್, ಬ್ರೇಕ್ ಎಂದು ಮಾತನಾಡುತ್ತ ಸಂಪಾದಿಸಿದ ಜನ. ನಾನು ಅದನ್ನು ಅಂದು ಕಣ್ಣಾರೆ ಕಂಡೆ.

ಬದಿಯಡ್ಕದ ಸೊಸೆ

ಇಷ್ಟು ಜನ ಬರೆದಿದ್ದೀರಿ, ಯಾರೂ ಅಮ್ಮನ ಬಗ್ಗೆ ಕೇಳಲಿಲ್ಲ. ಕಾರಿನಲ್ಲಿ ಬಂದ ಅಷ್ಟೂ ಜನರಿಗೆ ಕಾಫಿ ಮಾಡಿದವರು ಯಾರು? ಹೊತ್ತಲ್ಲದ ಹೊತ್ತಿಗೆ ನಾಲ್ಕು ಜನರಿಗೆ ಎಲೆ ಹಾಕಿದವರು ಯಾರು? ನನ್ನ ಮಾವನೂ ಇಂಥದೇ ಸ್ವಭಾವದವರು. ಜಗುಲಿಯಲ್ಲಿ ನಗು ಕೇಳುವಾಗ ಅತ್ತೆ ಒಲೆಯ ಮುಂದೆ ಇರುತ್ತಿದ್ದರು. ಕಾರಿನ ತೀರ್ಮಾನವನ್ನು ನಿಮ್ಮ ಅಮ್ಮನೇ ಮಾಡಬೇಕೆಂದು ನನ್ನ ಅಭಿಪ್ರಾಯ.

ಎಣ್ಮಕಜೆಯ ಮಗಳು

ಬರೆದ ಎಲ್ಲರಿಗೂ ಕೃತಜ್ಞತೆಗಳು. ಮರದ ಕುಟ್ಟಿ ಈಗಲೂ ಹಿಂದಿನ ಸೀಟಿನ ಕೆಳಗೇ ಇದೆ. ಮಾತ್ರೆಯ ವಿಷಯ ನಮಗೆ ಯಾರಿಗೂ ಗೊತ್ತಿರಲಿಲ್ಲ. ಔಷಧ ತರಲು ಹೋಗುತ್ತೇನೆ ಎಂದಷ್ಟೇ ಹೇಳಿ ಹೊರಡುತ್ತಿದ್ದರು, ತಮಗೇ ಇರಬೇಕೆಂದು ತಿಳಿದಿದ್ದೆವು.

ಬದಿಯಡ್ಕದ ಅಕ್ಕ ಕೇಳಿದ್ದು ಸರಿಯಾಗಿದೆ. ಅಪ್ಪನ ಸ್ನೇಹದ ಅರ್ಧ ಭಾರವನ್ನು ಅಮ್ಮ ಹೊತ್ತಿದ್ದಾರೆ. ಅಪ್ಪ ಅದನ್ನು ಬಲ್ಲವರಾಗಿದ್ದರು, ನೆಂಟರ ಎದುರು ಹೇಳುತ್ತಲೂ ಇದ್ದರು. ಆದರೆ ಹೇಳಿದ್ದರಿಂದ ಪಾತ್ರೆ ತೊಳೆಯುವ ಕೆಲಸ ಕಡಿಮೆಯಾಗಲಿಲ್ಲ. ಅವರನ್ನು ಹೊಗಳುವ ಭರದಲ್ಲಿ ಇದನ್ನು ಬಿಟ್ಟರೆ ನಾನು ಪೂರ್ತಿ ಸತ್ಯ ಬರೆದಂತಾಗುವುದಿಲ್ಲ.

ನಿನ್ನೆ ರಾತ್ರಿ ನಿಮ್ಮೆಲ್ಲರ ಮಾತುಗಳನ್ನು ಅಮ್ಮನಿಗೆ ಓದಿ ಹೇಳಿದೆ. ಸಾಬೂನಿನ ಕಥೆಗೆ ನಕ್ಕರು. ಅದು ಅವರು ಬಟ್ಟೆ ಒಗೆಯಲು ತರಲು ಹೇಳಿದ್ದ ಸಾಬೂನಂತೆ, ಮನೆಗೆ ತಲುಪಿದ್ದು ಅರ್ಧ ತುಂಡು. ಗಡಿಯ ಮಾತ್ರೆಯ ಭಾಗವನ್ನು ಇನ್ನೊಮ್ಮೆ ಓದಿಸಿಕೊಂಡರು. ಕೊನೆಗೆ, ಕಾರು ಇರಲಿ, ನನಗೆ ಮಧೂರು ದೇವಸ್ಥಾನಕ್ಕೆ ಹೋಗಬೇಕು, ಮುಂದಿನ ಸೀಟಿನಲ್ಲಿ ಕುಳಿತು ಹೋಗಬೇಕು ಎಂದರು. ನಾನು ಯೋಚಿಸಿ ನೋಡಿದೆ. ಆ ಕಾರಿನ ಮುಂದಿನ ಸೀಟು ಯಾವತ್ತೂ ಬಂದವರದ್ದು, ಹಿರಿಯರದ್ದು, ಕಾಲುನೋವಿನವರದ್ದು. ಅಮ್ಮ ಕುಳಿತದ್ದು ಹಿಂದೆ, ನಮ್ಮಿಬ್ಬರ ನಡುವೆ, ಮಡಿಲಲ್ಲಿ ಯಾರದೋ ಮಗು.

ಅಣ್ಣನೊಡನೆ ಮಾತನಾಡಿದೆ. ಅಮ್ಮನ ಮಾತು ಕೇಳಿದ ಮೇಲೆ ಅವನು ಬೇರೆ ಏನೂ ಹೇಳಲಿಲ್ಲ, ಸಂಗ್ರಾಹಕರಿಗೆ ತಾನೇ ತಿಳಿಸುತ್ತೇನೆ ಎಂದ. ಕಾರು ಅಮ್ಮನ ಹೆಸರಿಗೆ ವರ್ಗಾವಣೆಯಾಗುತ್ತದೆ, ನಾವಿಬ್ಬರೂ ಒಪ್ಪಿಗೆ ಪತ್ರ ಕೊಡುತ್ತೇವೆ. ಮುಂಬಯಿಯ ಅಣ್ಣನವರ ಪ್ರಶ್ನೆಗೆ ಉತ್ತರ: ಓಡಿಸುವವಳು ನಾನು. ನಾನು ಪೆರ್ಲದಲ್ಲೇ ಕೆಲಸ ಮಾಡುತ್ತಿದ್ದೇನೆ, ಈ ಕಾರಿನಲ್ಲೇ ಅಪ್ಪ ನನಗೆ ಕಲಿಸಿದ್ದು. ಸ್ಟಿಯರಿಂಗಿನ ಗಿಯರ್, ಹೆಡ್‌ಲೈಟ್ ತಗ್ಗಿಸಲು ಕಾಲಿನಿಂದ ಒತ್ತುವ ಡಿಪ್ಪರ್ ಎರಡೂ ಅಭ್ಯಾಸವಿದೆ. ಭಾನುವಾರ ಬೆಳಿಗ್ಗೆ ಕುಂಬಳೆಗೆ ತರಬೇಕೆಂದಿದ್ದೇನೆ. ಮೂರು ವಾರದಿಂದ ನಿಂತಿದೆ, ಮೊದಲು ಏನು ನೋಡಬೇಕು?

ಮುಂಬಯಿಯಲ್ಲಿರುವ ಮಂಜೇಶ್ವರದವನು

ಓಡಿಸುವವರಿದ್ದರೆ ನನ್ನ ಆಕ್ಷೇಪವೇನೂ ಇಲ್ಲ. ತುಂಬಾ ಸಂತೋಷವಾಯಿತು. ಮುಂದಿನ ರಜೆಯಲ್ಲಿ ಊರಿಗೆ ಬಂದಾಗ ನೋಡಲು ಬರುತ್ತೇನೆ.

ಕುಂಬಳೆಯ ಗ್ಯಾರೇಜಿನವನು

ಬ್ಯಾಟರಿ ಇಳಿದಿರುತ್ತದೆ, ಹಿಂದಿನ ರಾತ್ರಿ ಚಾರ್ಜಿಗೆ ಹಾಕಿ. ರೇಡಿಯೇಟರಿನ ನೀರು, ಎಂಜಿನ್ ಆಯಿಲ್, ಬ್ರೇಕ್ ಆಯಿಲ್ ಮೂರನ್ನೂ ನೋಡಿ. ಪ್ಲಗ್‌ಗಳನ್ನು ಬಿಚ್ಚಿ ಹ್ಯಾಂಡಲಿನಿಂದ ಎಂಜಿನನ್ನು ನಿಧಾನವಾಗಿ ನಾಲ್ಕು ಸುತ್ತು ತಿರುಗಿಸಿ, ಆಯಿಲ್ ಮೇಲೇರಲಿ, ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಪಾಯಿಂಟಿನ ಅಂತರ ಅಂಗುಲದ ಸಾವಿರದಲ್ಲಿ ಹದಿನೈದು ಭಾಗ, ಪೆಟ್ಟಿಗೆಯಲ್ಲಿರುವ ಗೇಜಿನಲ್ಲಿ ಆ ಎಲೆ ಇದೆ. ಅಂಗಳದಲ್ಲೇ ಮೂರು ಸಲ ಬ್ರೇಕ್ ಹಿಡಿದು ನೋಡಿ, ಒಂದು ಕಡೆಗೆ ಎಳೆದರೆ ಹೊರಡಬೇಡಿ, ನಾನೇ ಅಲ್ಲಿಗೆ ಬರುತ್ತೇನೆ. ಟೈರುಗಳು ಹಳೆಯದಾಗಿವೆ, 5.90-15 ಅಳತೆಯದ್ದನ್ನು ಹೇಳಿಟ್ಟಿದ್ದೇನೆ. ಆಯಿಲ್ ಬದಲಿಸುವ ಹೊತ್ತೂ ಆಗಿದೆ.

ನೀರ್ಚಾಲಿನ ಹಳೆಯ ವಿದ್ಯಾರ್ಥಿ

ಭಾನುವಾರ ನಾನು ಊರಿನಲ್ಲಿದ್ದೇನೆ. ನೀರ್ಚಾಲು ಪೇಟೆಯಲ್ಲಿ ನಿಂತಿರುತ್ತೇನೆ, ಹಿಂದಿನ ಸೀಟಿನ ಎಡಬದಿ ನನಗೆ ಬೇಕು. ಆಯಿಲ್ ನಾನು ತರಲೇ? ಯಾವುದು, ಎಷ್ಟು?

ಕುಂಬಳೆಯ ಗ್ಯಾರೇಜಿನವನು

20ಡಬ್ಲ್ಯೂ-50, ನಾಲ್ಕು ಲೀಟರ್. ಫಿಲ್ಟರ್ ನನ್ನಲ್ಲಿದೆ.